ಒಣಗಿದರೆ ನೈವೇದ್ಯ, ಹುಳಿತರೆ ಮದ್ಯ

ನಮ್ಮ ಬೇಮಳಖೇಡದ ಕಡೆ ದ್ರಾಕ್ಷಿಯೆಂದರೆ ಪಾಯಸಕ್ಕೆ ಬೀಳುವ ಒಣದ್ರಾಕ್ಷಿ. ಅದೇ ಹಣ್ಣು ಹುಳಿತು ವೈನಾಯಿತೆನ್ನಿ, ಮಾತೆತ್ತುವುದೇ ಮೈಲಿಗೆ! ಆದರೆ 12ನೆಯ ಶತಮಾನದಲ್ಲಿ, ನಮಗೆ ಹತ್ತಿರದ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟ-ಉಡುಗೆಗಳ ಜೊತೆಗೆ ಮದಿರಾಪಾನದ ವಿನೋದವನ್ನೂ ಅಳುಕಿಲ್ಲದೆ ವರ್ಣಿಸಿದ. ದೊರೆಯ ಬಟ್ಟಲಿಗೆ ಮೈಲಿಗೆಯಿಲ್ಲ, ನೋಡಿ.

ನಮ್ಮ ಕಾಲದಲ್ಲೂ ಅಷ್ಟೆ. 1988ರಲ್ಲಿ ಶುರುವಾದ ಗ್ರೋವರ್ ಸಂಸ್ಥೆ ನಂದಿಬೆಟ್ಟದ ಬುಡದಲ್ಲಿ ಫ್ರಾನ್ಸಿನ ತಳಿಗಳನ್ನು ಬೆಳೆಸಿ ವೈನ್ ತಯಾರಿಸಿತು. 2007ರಲ್ಲಿ ಸರಕಾರ ಬಡವರ ಸಾರಾಯಿಯನ್ನು ನಿಷೇಧಿಸಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗೆಂದು ವೈನ್ ನೀತಿ ತಂದು, ವೈನ್ ಮಂಡಳಿಯನ್ನೂ ಕಟ್ಟಿತು. ಸಾರಾಯಿ ಎಷ್ಟು ಮನೆ ಸುಟ್ಟಿತೆಂದು ಹೆಂಗಸರಿಗೆ ಯಾರೂ ಹೇಳಬೇಕಿಲ್ಲ; ನಿಷೇಧಕ್ಕೆ ನನ್ನ ತಕರಾರಿಲ್ಲ. ಬಾಟಲಿ ಬದಲಾದರೆ ಅಮಲು ಸಭ್ಯವಾದೀತೆ ಎಂಬುದಷ್ಟೇ ನನ್ನ ಪ್ರಶ್ನೆ.

ಬೆಳೆಗಾರನ ಕಷ್ಟವೂ ಸುಳ್ಳಲ್ಲ. ವಿಜಯಪುರದ ಕಡೆ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ. ಬೇಸಿಗೆಯಲ್ಲೊಮ್ಮೆ, ಅಕ್ಟೋಬರ್ ಸುಮಾರಿಗೆ ಮತ್ತೊಮ್ಮೆ ಚಾಟ್ನಿ ಮಾಡಿ ಕತ್ತರಿಸಬೇಕು. ಇಷ್ಟಾದರೂ ವರ್ಷಕ್ಕೆ ಒಂದೇ ಫಸಲು. ಮಾರದೆ ಉಳಿದ ಹಣ್ಣು ಕೊಳೆಯುವ ಮೊದಲು ಒಣಗಿಸಬೇಕು, ಇಲ್ಲವೆ ಹಿಂಡಬೇಕು.

ಆ ತೋಟಗಳಲ್ಲಿ ಗೊಂಚಲು ಬಿಡಿಸುವ, ಶೆಡ್ಡಿನ ನೆರಳಲ್ಲಿ ಕೂತು ಒಣದ್ರಾಕ್ಷಿ ಆರಿಸುವ ಕೈಗಳಲ್ಲಿ ಹೆಂಗಸರವೇ ಎಷ್ಟೋ. ‘ಮಾನಸೋಲ್ಲಾಸ’ ದೊರೆಯ ಬಟ್ಟಲನ್ನು ಬರೆದಿಟ್ಟಿತು, ವೈನ್ ನೀತಿ ಬೆಳೆಗಾರನ ಹೆಸರೆತ್ತಿತು. ಈ ಕೈಗಳ ಕೂಲಿಯ ಕಥೆಯನ್ನು ನಾವಲ್ಲದೆ ಇನ್ನಾರು ಕೇಳಬೇಕು?