ನಮ್ಮ ರಸ್ತೆಯ ಹೆಸರಿನ ಮನುಷ್ಯ

ಬೈಯಪ್ಪನಹಳ್ಳಿ ಮೆಟ್ರೋ ಇಳಿದು ಮನೆಗೆ ಆಟೊ ಹತ್ತಿದಾಗಲೆಲ್ಲ ನನಗೊಂದು ಚಟ. ‘ಸುರಂಜನ್ ದಾಸ್ ರಸ್ತೆ ಅಂತೀರಲ್ಲ, ಯಾರಪ್ಪಾ ಅವರು?’ ಅಂತ ಕೇಳುವುದು. ಸ್ವಾತಂತ್ರ್ಯ ಹೋರಾಟಗಾರ ಎಂದವರಿದ್ದಾರೆ, ಬಂಗಾಳದ ಯಾರೋ ಸಾಧು ಎಂದವರಿದ್ದಾರೆ. ಒಬ್ಬನಂತೂ ‘ಲೇಔಟ್ ಮಾಡಿದ ಸೇಠು ಇರಬೇಕು ಸಾರ್’ ಎಂದ. ಅತ್ತ ಹಳೇ ವಿಮಾನ ನಿಲ್ದಾಣ ರಸ್ತೆಯ ಜಂಕ್ಷನ್ನಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕವರು ದಿನಕ್ಕೆ ಎಷ್ಟು ಸಲ ಆ ಹೆಸರು ಹಿಡಿದು ಶಪಿಸುತ್ತಾರೋ!

ನನಗೆ ಆ ಹೆಸರು ಗೊತ್ತಾದದ್ದು ಅಪ್ಪನಿಂದ. ಅಪ್ಪ ಎಚ್‌ಎಎಲ್‌ ವಿಮಾನ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುತ್ತಿದ್ದರು. 1956ರಲ್ಲಿ ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ನಮ್ಮದೇ ಜೆಟ್ ಯುದ್ಧವಿಮಾನ ಮಾಡಲು ಕೂತ ಕಾಲವದು. ಮೊದಲು ಅದೇ ಅಳತೆಗೆ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನದ ಹಿಂದೆ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಟ್ಟು ನೋಡಿದರು. ಒಂದಲ್ಲ ಎರಡಲ್ಲ, 78 ಸಲ. 1961ರ ಜೂನ್‌ನಲ್ಲಿ ನಿಜವಾದ ‘ಮಾರುತ’ ಹಾರಿತು. ಒಳಗೆ ಕೂತಿದ್ದವರು ಸುರಂಜನ್ ದಾಸ್. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಧಿರಂಜನ್ ದಾಸರ ಮಗ. ನಾನು ಹುಟ್ಟಿದ್ದೂ ಅದೇ ವರ್ಷ. ಅಪ್ಪನ ಲೆಕ್ಕದಲ್ಲಿ ಯಾವುದು ದೊಡ್ಡ ಸುದ್ದಿ ಎಂದು ಅಮ್ಮ ಕೊನೆಯವರೆಗೂ ಕೆಣಕುತ್ತಿದ್ದಳು.

ಮಾರುತಕ್ಕೆ ಮೈಯಿತ್ತು, ಎದೆಬಲವಿರಲಿಲ್ಲ. ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ ಒಡಲು ಅದು. ಅದಕ್ಕೆಂದು ನೆಚ್ಚಿಕೊಂಡಿದ್ದ ಬ್ರಿಟನ್ನಿನ ಬಲವಾದ ಆರ್ಫಿಯಸ್ ಎಂಜಿನ್ ತಯಾರಾಗದೆ ಯೋಜನೆಯಲ್ಲೇ ಉಳಿಯಿತು. ಇದ್ದ ಸಣ್ಣ ಆರ್ಫಿಯಸ್ಸನ್ನೇ ಹಾಕಿ ಹಾರಿಸಿದರು. ಆಮೇಲೆ ಅದರ ಬಾಲದಲ್ಲಿ ಇನ್ನಷ್ಟು ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ‘ರೀಹೀಟ್’ ಪ್ರಯತ್ನ ನಡೆಯಿತು. 1970ರ ಜನವರಿ 10, ಶನಿವಾರ, ಆ ಮಾದರಿಯನ್ನು ಹಾರಿಸಲು ಹೊರಟ ಗ್ರೂಪ್ ಕ್ಯಾಪ್ಟನ್ ದಾಸ್ ಬೆಂಗಳೂರಿನಲ್ಲೇ, ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಅಪಘಾತದಲ್ಲಿ ತೀರಿಕೊಂಡರು. ಮುಂದಿನ ವರ್ಷ ಡಿಸೆಂಬರಿನಲ್ಲಿ ಮಾರುತಗಳು ರಾಜಸ್ಥಾನದ ಗಡಿಯಲ್ಲಿ ಯುದ್ಧಕ್ಕೆ ಹೋದವು.

ಅಪ್ಪ ಆ ಶನಿವಾರದ ಬಗ್ಗೆ ಒಂದೇ ಒಂದು ಮಾತು ಆಡಿದ್ದು, ಅದೂ ರಿಟೈರ್ ಆದಮೇಲೆ: ‘ಅವತ್ತು ರಾತ್ರಿ ಒಬ್ಬೊಬ್ಬನೂ ತಾನು ಹೊಡೆದ ರಿವೆಟ್ಟುಗಳನ್ನೇ ಎಣಿಸಿಕೊಂಡು ಮಲಗಿದ್ದ.’ ಅವರ ಹೆಬ್ಬೆರಳಿಗೊಂದು ಅಭ್ಯಾಸವಿತ್ತು. ಬಿಟಿಎಸ್ ಬಸ್ಸಿನ ತಗಡಿರಲಿ, ಅಟ್ಟದ ಮೇಲಿನ ಟ್ರಂಕಿರಲಿ, ರಿವೆಟ್ ಕಂಡರೆ ಸಾಲುದ್ದಕ್ಕೂ ಸವರುತ್ತಾ ಹೋಗುವುದು. ಎದ್ದದ್ದು, ಕುಳಿತದ್ದು ಬೆರಳಿಗೆ ಗೊತ್ತಾಗುತ್ತಿತ್ತು.

ಆ ಶನಿವಾರದಂಥ ದಿನಗಳು ಆಮೇಲೂ ಬಂದವು. 2009ರ ಮಾರ್ಚ್ 6ರಂದು ಬಿಡದಿ ಹತ್ತಿರ ಪರೀಕ್ಷಾ ಹಾರಾಟದಲ್ಲಿದ್ದ ‘ಸರಸ್’ ವಿಮಾನ ಬಿದ್ದು ವಾಯುಪಡೆಯ ಮೂವರು ಹೋದರು: ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಶಾ, ಇಳಯರಾಜ. 2019ರ ಫೆಬ್ರವರಿ ಇನ್ನೂ ಕ್ರೂರ. ಒಂದನೇ ತಾರೀಕು ಎಚ್‌ಎಎಲ್ ರನ್‌ವೇಯ ಆಚೆ ಮಿರಾಜ್ ಯುದ್ಧವಿಮಾನ ಉರಿಯಿತು. ಟೆಸ್ಟ್ ಪೈಲಟ್‌ಗಳಾದ ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ ಇಬ್ಬರೂ ಉಳಿಯಲಿಲ್ಲ. ಹತ್ತೊಂಬತ್ತಕ್ಕೆ ಯಲಹಂಕದಲ್ಲಿ, ಏರ್ ಶೋದ ಹಿಂದಿನ ದಿನದ ತಾಲೀಮಿನಲ್ಲಿ, ವಾಯುಪಡೆಯ ‘ಸೂರ್ಯಕಿರಣ’ ಕಸರತ್ತು ತಂಡದ ಎರಡು ವಿಮಾನಗಳು ಒಂದಕ್ಕೊಂದು ತಗುಲಿ ಪೈಲಟ್ ಸಾಹಿಲ್ ಗಾಂಧಿ ಸತ್ತರು. ಇಪ್ಪತ್ತೈದಕ್ಕೆ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕದ ಉದ್ಘಾಟನೆ. ಯುದ್ಧದಲ್ಲಿ, ಕಾರ್ಯಾಚರಣೆಯಲ್ಲಿ ಮಡಿದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರ ಹೆಸರು ಅಲ್ಲಿ ಕಲ್ಲಿನ ಮೇಲಿದೆ. ಆಗಲಿ, ಇರಬೇಕಾದದ್ದೇ. ಆದರೆ ಪರೀಕ್ಷಾ ಹಾರಾಟದಲ್ಲಿ ಎದುರಾಳಿಯೇ ಇರುವುದಿಲ್ಲವಲ್ಲ, ಆ ಸಾವನ್ನು ಯಾವ ಗೋಡೆಗೆ ಬರೆಯುವುದು?

ನಮ್ಮ ಹಳಬರು ಈ ವಿಷಯದಲ್ಲಿ ಇಷ್ಟು ಬಿಗಿಯಾಗಿರಲಿಲ್ಲ. ವೀರಗಲ್ಲು ನೋಡಿ: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಮೇಲಿನದರಲ್ಲಿ ಶಿವಲಿಂಗದ ಮುಂದೆ ವೀರ, ನಡುವೆ ಅಪ್ಸರೆಯರು ಅವನನ್ನು ವಿಮಾನದಲ್ಲಿ ಒಯ್ಯುತ್ತಿರುವುದು. ದಂಡೆತ್ತಿ ಹೋದವನಿಗಷ್ಟೇ ಅಲ್ಲ, ದನ ಬಿಡಿಸಲು ಹೋದವನಿಗೂ, ಹುಲಿಯೊಡನೆ ಸೆಣಸಿ ಸತ್ತವನಿಗೂ ಕಲ್ಲು ನೆಟ್ಟರು. ಆತಕೂರಿನ ಹತ್ತನೇ ಶತಮಾನದ ಶಾಸನವಂತೂ ಹಂದಿಯ ಮೇಲೆ ಬಿದ್ದು ತಾನೂ ಸತ್ತ ‘ಕಾಳಿ’ ಎಂಬ ನಾಯಿಯನ್ನು ನೆನೆಯುತ್ತದೆ. ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ, ಹೋಗಿ ನೋಡಬಹುದು.

ದಾಸರಿಗೆ ಮರಣೋತ್ತರ ಪದ್ಮಭೂಷಣ ಬಂತು, ಈ ರಸ್ತೆ ಸಿಕ್ಕಿತು. ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ಎಚ್‌ಎಎಲ್‌ನವರು ಮ್ಯೂಸಿಯಂ ತೆರೆದಮೇಲೆ ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಬಯಲಲ್ಲಿ ಒಂದು ಮಾರುತ ನಿಂತಿತ್ತು. ಫಲಕ ಓದುವ ಗೋಜಿಗೆ ಅವರು ಹೋಗಲಿಲ್ಲ. ಸೀದಾ ಹೋಗಿ ರೆಕ್ಕೆಯ ಬುಡದಲ್ಲಿ ಹೆಬ್ಬೆರಳಿಟ್ಟರು. ಕಾವಲಿನವನು ದೂರದಿಂದಲೇ ‘ಮುಟ್ಟಬಾರದು ತಾತ’ ಎಂದು ಕೂಗಿದ. ಅಪ್ಪನಿಗೆ ಕಿವಿ ಮಂದ. ಬಾಲದವರೆಗೂ ಸವರಿಕೊಂಡು ಹೋಗಿ, ಮತ್ತೊಂದು ಮಗ್ಗುಲಿಗೆ ತಿರುಗಿದರು.