ಬಿಸಿಲುತಡೆ ಫಿಲ್ಮ್

ಮನೆಯ ಕಿಟಕಿ ಗಾಜಿಗೆ ಅಂಟಿಸುವ ತೆಳುವಾದ ಪಾಲಿಯೆಸ್ಟರ್ ಹಾಳೆ. ಗಾಜಿನ ಮೂಲಕ ಒಳಬರುವ ಸೌರಶಾಖದಲ್ಲಿ ಒಂದು ಪಾಲನ್ನು ಹೊರಕ್ಕೆ ಪ್ರತಿಫಲಿಸಿ, ಇನ್ನೊಂದು ಪಾಲನ್ನು ಹೀರಿಕೊಂಡು ಕೋಣೆಯ ಬಿಸಿಯನ್ನು ತಗ್ಗಿಸುತ್ತದೆ. ಅಂಗಡಿಗಳಲ್ಲಿ ಸನ್ ಕಂಟ್ರೋಲ್ ಫಿಲ್ಮ್ ಅಥವಾ ಸನ್ ಫಿಲ್ಮ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಗಾಜು ಬದಲಿಸದೆ, ಗೋಡೆ ಒಡೆಯದೆ ಕಟ್ಟಿ ಮುಗಿದ ಮನೆಗೂ ಹಾಕಬಹುದು. ಹೊರಗಿನಿಂದ ನೆರಳು ಕೊಡಲಾಗದ ಪೂರ್ವ ಮತ್ತು ಪಶ್ಚಿಮದ ಕಿಟಕಿಗಳಲ್ಲಿ ಇದರ ಉಪಯೋಗ ಹೆಚ್ಚು.

ಇತಿಹಾಸ

ಈ ಫಿಲ್ಮಿಗೆ ಆಧಾರವಾದ ಪಾಲಿಎಥಿಲೀನ್ ಟೆರೆಫ್ತಲೇಟ್ ಎಂಬ ಪ್ಲಾಸ್ಟಿಕ್ಕನ್ನು 1941ರಲ್ಲಿ ಇಂಗ್ಲೆಂಡಿನ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನೆಂಟ್ ಡಿಕ್ಸನ್ ರೂಪಿಸಿದರು. ಕಿಟಕಿಗೆ ಅಂಟಿಸುವ ಬಿಸಿಲುತಡೆ ಹಾಳೆಗೆ ಅಮೆರಿಕದ 3ಎಂ ಕಂಪನಿಗೆ 1966ರಲ್ಲಿ ಪೇಟೆಂಟ್ ದೊರೆಯಿತು. 1973ರ ತೈಲ ಬಿಕ್ಕಟ್ಟಿನ ಬಳಿಕ ಇಂಧನ ಉಳಿತಾಯದತ್ತ ಗಮನ ಹರಿದಾಗ ಚಳಿಗಾಲದಲ್ಲಿ ಕೋಣೆಯ ಶಾಖವನ್ನು ಒಳಗೇ ಉಳಿಸುವ ಫಿಲ್ಮ್‌ಗಳೂ ಬಂದವು. ಭಾರತದಲ್ಲಿ ಮಹಾರಾಷ್ಟ್ರದ ಗರ್ವಾರೆ ಸಂಸ್ಥೆ ಇದರ ಪ್ರಮುಖ ತಯಾರಕ.

ರಚನೆ ಮತ್ತು ಕಾರ್ಯವಿಧಾನ

ಸಾಮಾನ್ಯ ಫಿಲ್ಮಿನ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಗಾಜಿಗೆ ತಾಗುವ ಬದಿಯಲ್ಲಿ ಅಂಟು, ಅದರ ಮೇಲೆ ಪಾಲಿಯೆಸ್ಟರ್ ಪದರಗಳು, ಕೋಣೆಯ ಬದಿಯಲ್ಲಿ ಗೀರು ತಡೆಯುವ ಗಟ್ಟಿ ಲೇಪ ಇರುತ್ತವೆ. ಬಳಸುವವರೆಗೆ ಅಂಟನ್ನು ಕಾಪಾಡಲು ಲೈನರ್ ಎಂಬ ಪಾರದರ್ಶಕ ಹಾಳೆ ಹೊದಿಸಿರುತ್ತಾರೆ.

ಭೂಮಿಗೆ ತಲುಪುವ ಸೌರಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು. ಉಳಿದದ್ದರಲ್ಲಿ ಬಹುಪಾಲು ಬೆಳಕು, ಅಲ್ಪಭಾಗ ನೇರಳಾತೀತ ಕಿರಣಗಳು. ಬೆಳಕೂ ನೆಲ, ಗೋಡೆ, ಪೀಠೋಪಕರಣಗಳ ಮೇಲೆ ಬಿದ್ದು ಶಾಖವಾಗುತ್ತದೆ. ಹೀಗಾಗಿ ಬೆಳಕನ್ನೆಲ್ಲ ಒಳಗೆ ಬಿಟ್ಟು ಶಾಖವನ್ನೆಲ್ಲ ತಡೆಯುವುದು ಯಾವ ಫಿಲ್ಮಿಗೂ ಆಗದು. ಅವಕೆಂಪನ್ನು ಹೆಚ್ಚು ತಡೆದು ಬೆಳಕನ್ನು ಸಾಕಷ್ಟು ಬಿಡುವುದೇ ಒಳ್ಳೆಯ ಫಿಲ್ಮಿನ ಲಕ್ಷಣ. ಗುಣಮಟ್ಟದ ಫಿಲ್ಮ್‌ಗಳು ನೇರಳಾತೀತ ಕಿರಣಗಳಲ್ಲಿ ಶೇ. 99ರಷ್ಟನ್ನು ತಡೆಯುತ್ತವೆ. ಪರದೆ, ಸೋಫಾಗಳ ಬಣ್ಣ ಮಾಸುವುದು ಇದರಿಂದ ನಿಧಾನವಾಗುತ್ತದೆ. ಬೆಳಕು ಮತ್ತು ಶಾಖವೂ ಬಣ್ಣವನ್ನು ಮಾಸಿಸುವುದರಿಂದ ಅದು ಪೂರ್ತಿ ನಿಲ್ಲುವುದಿಲ್ಲ.

ವಿಧಗಳು

ಬಣ್ಣದ ಫಿಲ್ಮ್ ಅಗ್ಗ. ಇದು ಶಾಖವನ್ನು ಮುಖ್ಯವಾಗಿ ಹೀರುತ್ತದೆ, ಕೆಲವು ವರ್ಷಗಳಲ್ಲಿ ಮಾಸಿ ನೇರಳೆಗೆ ತಿರುಗುವುದುಂಟು. ಲೋಹಲೇಪಿತ ಫಿಲ್ಮಿನಲ್ಲಿ ಅಲ್ಯೂಮಿನಿಯಂನಂಥ ಲೋಹದ ಅತಿ ತೆಳು ಪದರ ಇರುತ್ತದೆ. ಇದು ಶಾಖವನ್ನು ಚೆನ್ನಾಗಿ ಹಿಂದಟ್ಟುತ್ತದೆ, ಹಗಲಿನಲ್ಲಿ ಹೊರಗಿನವರಿಗೆ ಕನ್ನಡಿಯಾಗಿ ಕಾಣುತ್ತದೆ. ರಾತ್ರಿ ಒಳಗೆ ದೀಪ ಹಚ್ಚಿದರೆ ಈ ಮರೆ ಇಲ್ಲವಾಗುತ್ತದೆ. ಲೋಹದ ಪದರದಿಂದ ಮೊಬೈಲ್ ಸಿಗ್ನಲ್ ಕುಗ್ಗುವುದೂ ಉಂಟು. ಸೆರಾಮಿಕ್ ಫಿಲ್ಮಿನಲ್ಲಿ ಅವಕೆಂಪನ್ನು ಹೀರುವ ಸೂಕ್ಷ್ಮ ಕಣಗಳಿರುತ್ತವೆ. ಗಾಜು ಹೆಚ್ಚು ಕಪ್ಪಾಗದು, ಸಿಗ್ನಲಿಗೆ ತೊಂದರೆಯಿಲ್ಲ, ಬೆಲೆ ಮಾತ್ರ ಹೆಚ್ಚು. 100 ಮೈಕ್ರಾನ್ ಮತ್ತು ಅದಕ್ಕಿಂತ ದಪ್ಪನೆಯ ಸುರಕ್ಷಾ ಫಿಲ್ಮ್‌ಗಳ ಮುಖ್ಯ ಕೆಲಸ, ಒಡೆದ ಗಾಜಿನ ಚೂರುಗಳು ಸಿಡಿಯದಂತೆ ಹಿಡಿದಿಡುವುದು.

ಅಳತೆಗಳು

ಫಿಲ್ಮ್ ಕೊಳ್ಳುವಾಗ ನೋಡಬೇಕಾದ ಮುಖ್ಯ ಅಂಕಿಗಳು ಎರಡು. ಮೊದಲನೆಯದು ವಿಎಲ್‌ಟಿ, ಅಂದರೆ ಒಳಬರುವ ಬೆಳಕಿನ ಪ್ರಮಾಣ. ಎರಡನೆಯದು ಎಸ್‌ಎಚ್‌ಜಿಸಿ, ಅಂದರೆ ಗಾಜಿನ ಮೇಲೆ ಬಿದ್ದ ಸೌರಶಕ್ತಿಯಲ್ಲಿ ಕೋಣೆಗೆ ಶಾಖವಾಗಿ ಸೇರುವ ಪಾಲು. ಇದನ್ನು 1ರಿಂದ ಕಳೆದರೆ ಸಿಗುವುದೇ ಟಿಎಸ್‌ಇಆರ್, ಅಂದರೆ ಒಟ್ಟು ತಡೆದ ಸೌರಶಕ್ತಿ.

3 ಮಿ.ಮೀ. ದಪ್ಪದ ಸಾದಾ ಗಾಜಿನ ಎಸ್‌ಎಚ್‌ಜಿಸಿ ಸುಮಾರು 0.86. ಸಂಜೆಯ ಬಿಸಿಲು 2 ಚದರ ಮೀಟರ್ ಗಾಜಿನ ಮೇಲೆ ಚದರ ಮೀಟರಿಗೆ 600 ವಾಟ್‌ನಂತೆ ಬೀಳುತ್ತಿದೆ ಎಂದಿಟ್ಟುಕೊಂಡರೆ ಒಳಸೇರುವ ಶಾಖ ಸುಮಾರು 1,030 ವಾಟ್. ಫಿಲ್ಮ್ ಹಾಕಿ ಎಸ್‌ಎಚ್‌ಜಿಸಿ 0.45ಕ್ಕೆ ಇಳಿದರೆ ಅದು 540 ವಾಟ್ ಆಗುತ್ತದೆ. ಒಂದು ಟನ್ ಏಸಿ ಹೊರಹಾಕುವ ಶಾಖ ಸುಮಾರು 3,500 ವಾಟ್. ಈ ಒಂದು ಕಿಟಕಿಯಲ್ಲಿ ಫಿಲ್ಮಿನಿಂದ ತಪ್ಪಿದ ಶಾಖ ಅದರ ಸುಮಾರು ಏಳನೆಯ ಒಂದು ಪಾಲು.

ಮಾರಾಟಗಾರರು ಹೇಳುವ ‘ಶೇ. 95 ಅವಕೆಂಪು ತಡೆ’ ಒಟ್ಟು ಶಾಖದ ಲೆಕ್ಕವಲ್ಲ. ಕೆಲವೊಮ್ಮೆ ಅದು ಅವಕೆಂಪಿನ ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ ಅಳೆದ ಅಂಕಿ. ಅಂಗಡಿಯಲ್ಲಿ ಹೀಟ್ ಲ್ಯಾಂಪಿನ ಮುಂದೆ ತೋರಿಸುವ ಪರೀಕ್ಷೆಯೂ ಅಷ್ಟೆ: ಆ ದೀಪ ಹೊರಸೂಸುವುದು ಬಹುತೇಕ ಅವಕೆಂಪನ್ನೇ, ಆದರೆ ಬಿಸಿಲಿನಲ್ಲಿ ಬೆಳಕಿನ ಪಾಲೂ ದೊಡ್ಡದು. ಫಿಲ್ಮ್ ಎಷ್ಟು ಕಪ್ಪಾಗಿದೆ ಎಂಬುದೂ ಅಳತೆಗೋಲಲ್ಲ. ಅಗ್ಗದ ಕಪ್ಪು ಫಿಲ್ಮಿಗಿಂತ ತಿಳಿಯಾದ ಸೆರಾಮಿಕ್ ಫಿಲ್ಮ್ ಹೆಚ್ಚು ಶಾಖ ತಡೆಯಬಲ್ಲದು. ಹೋಲಿಸಬೇಕಾದದ್ದು ಎಸ್‌ಎಚ್‌ಜಿಸಿ ಅಥವಾ ಟಿಎಸ್‌ಇಆರ್ ಅಂಕಿಯನ್ನು.

ಕಿಟಕಿಯ ಆಯ್ಕೆ

ಎಲ್ಲ ಕಿಟಕಿಗಳಿಗೂ ಫಿಲ್ಮ್ ಬೇಕಾಗಿಲ್ಲ. ಬೆಂಗಳೂರು ಇರುವ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಹೆಚ್ಚು ಬೀಳದು. ಸೂರ್ಯ ಮೇಲಿರುವ ಹೊತ್ತಿನಲ್ಲಿ ಸಜ್ಜಾ ಸಾಕಷ್ಟು ನೆರಳು ಕೊಡುತ್ತದೆ. ಸಂಜೆಯ ಇಳಿಬಿಸಿಲು ಮಾತ್ರ ಸಜ್ಜಾದ ಕೆಳಗಿನಿಂದ ನುಗ್ಗುತ್ತದೆ. ಹಗಲೆಲ್ಲ ಕಾದ ಗೋಡೆಗಳ ಜೊತೆ ಈ ಬಿಸಿಲೂ ಸೇರುವುದರಿಂದ ಮೊದಲ ಆದ್ಯತೆ ಪಶ್ಚಿಮದ ಕಿಟಕಿಗೆ, ನಂತರ ಪೂರ್ವದ ಕಿಟಕಿಗೆ.

ಮರ, ಬಿದಿರಿನ ತಟ್ಟಿ, ಹೊರಗಿನ ಚಿಕ್ ಪರದೆಗಳು ಬಿಸಿಲನ್ನು ಗಾಜು ಮುಟ್ಟುವ ಮೊದಲೇ ತಡೆಯುತ್ತವೆ. ಇವಕ್ಕೆ ಅವಕಾಶವಿದ್ದಲ್ಲಿ ಫಿಲ್ಮಿಗಿಂತ ಇವೇ ಮೇಲು. ಕಿಟಕಿ ತೆರೆದಿಟ್ಟರೆ ಫಿಲ್ಮಿನಿಂದ ಲಾಭವಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯ ಬಿಸಿಗಾಳಿಯನ್ನಾಗಲಿ, ಕಾದ ತಾರಸಿಯಿಂದ ಇಳಿಯುವ ಶಾಖವನ್ನಾಗಲಿ ಅದು ತಡೆಯದು.

ಅಳವಡಿಕೆ

ಫಿಲ್ಮನ್ನು ಸಾಮಾನ್ಯವಾಗಿ ಗಾಜಿನ ಒಳಮೈಗೆ, ಒದ್ದೆ ವಿಧಾನದಲ್ಲಿ ಅಂಟಿಸುತ್ತಾರೆ. ನೇರ ಬಿಸಿಲಿಲ್ಲದ, ದೂಳಿಲ್ಲದ ಹೊತ್ತು ಆರಿಸಿಕೊಂಡು ಫ್ಯಾನ್ ನಿಲ್ಲಿಸಬೇಕು. ಗ್ರಿಲ್ ಅಡ್ಡವಿದ್ದರೆ ಬಾಗಿಲನ್ನು ಚೌಕಟ್ಟಿನಿಂದ ಕಳಚಬೇಕು. ಸ್ಲೈಡಿಂಗ್ ಕಿಟಕಿಯಾದರೆ ಹಳಿಯಿಂದ ಎತ್ತಿ ತೆಗೆಯಬಹುದು.

ಸ್ಪ್ರೇ ಬಾಟಲಿಯ ನೀರಿಗೆ ಕೆಲವು ಹನಿ ಬೇಬಿ ಶಾಂಪೂ ಬೆರೆಸುತ್ತಾರೆ. ಗಾಜನ್ನು ಇದರಿಂದ ತೋಯಿಸಿ, ಅಂಟಿದ ಬಣ್ಣದ ಚುಕ್ಕೆ, ಸಿಮೆಂಟ್ ಕಲೆಗಳನ್ನು ಬ್ಲೇಡಿನಿಂದ ಕೆರೆದು, ಮೂಲೆಗಳ ದೂಳನ್ನೂ ತೆಗೆಯುತ್ತಾರೆ. ಒಂದು ಮರಳಿನ ಕಣ ಉಳಿದರೂ ಅದರ ಸುತ್ತ ಫಿಲ್ಮ್ ಉಬ್ಬಿಕೊಳ್ಳುತ್ತದೆ. ಫಿಲ್ಮನ್ನು ಗಾಜಿನ ಅಳತೆಗಿಂತ ಎರಡು ಸೆಂ.ಮೀ.ನಷ್ಟು ದೊಡ್ಡದಾಗಿ ಕತ್ತರಿಸಬೇಕು. ಮೂಲೆಯ ಎರಡೂ ಬದಿಗೆ ಸೆಲ್ಲೋಟೇಪ್ ತುಂಡು ಅಂಟಿಸಿ ವಿರುದ್ಧ ದಿಕ್ಕಿಗೆ ಎಳೆದರೆ ಲೈನರ್ ಬಿಡುತ್ತದೆ. ಲೈನರ್ ತೆಗೆಯುತ್ತಾ ಅಂಟಿನ ಮೈಗೆ ಧಾರಾಳವಾಗಿ ಸೋಪಿನ ನೀರು ಸಿಂಪಡಿಸುತ್ತಾರೆ.

ನೀರಿರುವಾಗ ಫಿಲ್ಮ್ ಗಾಜಿನ ಮೇಲೆ ಜಾರುವುದರಿಂದ ಸರಿಯಾಗಿ ಕೂರಿಸಲು ಸಮಯ ಸಿಗುತ್ತದೆ. ನಂತರ ಮೇಲ್ಮೈಯನ್ನೂ ತೋಯಿಸಿ, ಸ್ಕ್ವೀಜಿ ಎಂಬ ರಬ್ಬರ್ ಅಂಚಿನ ಸಾಧನ ಬಳಸಿ ನಡುವಿನಿಂದ ಅಂಚಿನತ್ತ ಒತ್ತಿ ನೀರನ್ನು ಹೊರದೂಡುತ್ತಾರೆ. ಅಂಚಿನಲ್ಲಿ 1.5ರಿಂದ 2 ಮಿ.ಮೀ. ಜಾಗ ಬಿಟ್ಟು ಹೊಸ ಬ್ಲೇಡಿನಿಂದ ಕತ್ತರಿಸಬೇಕು. ಫಿಲ್ಮ್ ಚೌಕಟ್ಟಿಗೆ ತಾಗಿದರೆ ಅಂಚು ಏಳುತ್ತದೆ. ಕೊನೆಗೆ ಮತ್ತೊಮ್ಮೆ ಒತ್ತಿ, ಅಂಚಿನ ನೀರನ್ನು ಬಟ್ಟೆಯಿಂದ ಒರೆಸುತ್ತಾರೆ. ಉಳಿದ ನೀರಿನ ಗುಳ್ಳೆ, ಮಸುಕು ಸುಮಾರು ಒಂದು ತಿಂಗಳಲ್ಲಿ ತಾನಾಗಿಯೇ ಆರುತ್ತವೆ. ಅವನ್ನು ಸೂಜಿಯಿಂದ ಚುಚ್ಚಬಾರದು.

ಗಾಜು ಬಿರುಕುಬಿಡುವ ಅಪಾಯ

ಶಾಖ ಹೀರುವ ಫಿಲ್ಮ್ ಗಾಜನ್ನೂ ಕಾಯಿಸುತ್ತದೆ. ಗಾಜಿನ ನಡುಭಾಗ ಕಾದು, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಉಳಿದಾಗ ಅಂಚಿನಲ್ಲಿ ಎಳೆತ ಉಂಟಾಗಿ ಬಿರುಕು ಹುಟ್ಟಬಹುದು. ಅಂಚು ಮೊದಲೇ ಕೆತ್ತಿಹೋಗಿದ್ದರೆ, ಗಾಜಿನ ಅರ್ಧಕ್ಕೆ ಮಾತ್ರ ನೆರಳು ಬೀಳುತ್ತಿದ್ದರೆ ಅಪಾಯ ಹೆಚ್ಚು. ತಂತಿ ಹುದುಗಿದ ಗಾಜು ಮತ್ತು ಎರಡು ಹಾಳೆಯ ಡಬಲ್ ಗ್ಲೇಜಿಂಗ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಂಥಲ್ಲಿ ತಯಾರಕರ ಹೊಂದಾಣಿಕೆ ಪಟ್ಟಿ ನೋಡಬೇಕು, ಅಥವಾ ಹೊರಮೈಗೆ ಹಾಕುವ ಫಿಲ್ಮ್ ಆರಿಸಬೇಕು. ಟೆಂಪರ್ಡ್ ಗಾಜು ಈ ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಬಚ್ಚಲಮನೆಗೆ ಹಾಕುವ ಉಬ್ಬುತಗ್ಗಿನ ಗಾಜಿನ ಒರಟು ಮೈಗೆ ಫಿಲ್ಮ್ ಅಂಟುವುದಿಲ್ಲ.

ಆರೈಕೆ ಮತ್ತು ಬಾಳಿಕೆ

ಅಂಟು ಆರುವವರೆಗೆ, ಸುಮಾರು 30 ದಿನ, ಗಾಜನ್ನು ತೊಳೆಯಬಾರದು. ಆಮೇಲೆ ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು. ಅಮೋನಿಯಾ ಇರುವ ಕ್ಲೀನರ್, ಒರಟು ಸ್ಕ್ರಬರ್ ಬಳಸಬಾರದು. ಒಳಮೈಗೆ ಹಾಕಿದ ಒಳ್ಳೆಯ ಫಿಲ್ಮ್ ಹತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಬಿಸಿಲು ಮಳೆಗೆ ನೇರವಾಗಿ ಸಿಕ್ಕುವ ಹೊರಮೈಯ ಫಿಲ್ಮಿನ ಆಯಸ್ಸು ಇದಕ್ಕಿಂತ ಕಡಿಮೆ. ಗುಳ್ಳೆ ಎದ್ದ ಹಳೆಯ ಫಿಲ್ಮನ್ನು ಹಬೆ ಅಥವಾ ಸೋಪಿನ ನೀರಿನಿಂದ ಮೆತ್ತಗಾಗಿಸಿ ಕೀಳುತ್ತಾರೆ.

ನಿಯಮಗಳು

ವಾಹನಗಳ ಗಾಜಿನ ಫಿಲ್ಮ್ ಕುರಿತು ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ನೀಡಿದ ಆದೇಶ ಮನೆಯ ಕಿಟಕಿಗಳಿಗೆ ಸಂಬಂಧಿಸಿದ್ದಲ್ಲ. ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಇಕೋ ನಿವಾಸ್ ಸಂಹಿತೆಯನ್ನು ಹೊರತಂದಿತು. ಗೋಡೆಗೆ ಹೋಲಿಸಿದರೆ ಕಿಟಕಿಯ ವಿಸ್ತೀರ್ಣ ಶೇ. 30ರವರೆಗೆ ಇರುವ ಕಟ್ಟಡದಲ್ಲಿ ಗಾಜಿನ ವಿಎಲ್‌ಟಿ ಕನಿಷ್ಠ 0.27 ಇರಬೇಕೆಂದು ಅದು ಹೇಳುತ್ತದೆ. ಅತಿ ಕಪ್ಪು ಫಿಲ್ಮ್ ಈ ಮಿತಿಯ ಕೆಳಗೆ ಬೀಳುತ್ತದೆ. ಹಾಗೆ ಕತ್ತಲಾದ ಕೋಣೆಯಲ್ಲಿ ಹಗಲಲ್ಲೂ ದೀಪ ಉರಿಸಬೇಕಾಗಿ, ಏಸಿಯಲ್ಲಿ ಉಳಿಸಿದ ವಿದ್ಯುತ್ತಿನ ಒಂದು ಪಾಲು ದೀಪಕ್ಕೆ ಹೋಗುತ್ತದೆ.