ಫೋಟೋದ ಜಾಗ ತಪ್ಪಿದ್ರೆ ಗಡಿಯಾರ ನೋಡಿ: ಬಾಂಬೆ ಟೈಮ್‌ನ 39 ನಿಮಿಷ

ಮರೀನ್ ಡ್ರೈವ್‌ನಲ್ಲಿ ತೆಗೆದ ಸೂರ್ಯಾಸ್ತದ ಫೋಟೋ ಮ್ಯಾಪ್ ಮೇಲೆ ಥಾಣೆಯ ನಿಮ್ಮ ಫ್ಲ್ಯಾಟ್‌ನಲ್ಲಿ ಕೂತಿದ್ರೆ ಮೊದಲು ಜಿಪಿಎಸ್‌ನ್ನ ಬೈತೀವಿ. ಎತ್ತರದ ಕಟ್ಟಡಗಳಿಗೆ ಸಿಗ್ನಲ್ ಬಡಿದು ಬಂದ್ರೆ ಜಾಗ ಹತ್ತಾರು ಮೀಟರ್ ಆಚೀಚೆ ಆಗುತ್ತೆ, ನಿಜ. ಆದ್ರೆ ಜಿಪಿಎಸ್ ಇಲ್ಲದ ಕ್ಯಾಮೆರಾದ ಕಥೆ ಬೇರೆ. ಎಕ್ಸಿಫ್‌ಟೂಲ್ ಥರದ ಸಾಫ್ಟ್‌ವೇರ್, ಫೋನ್ ಬರೆದಿಟ್ಟ ಟ್ರ್ಯಾಕ್ ಲಾಗನ್ನ ಫೋಟೋ ತೆಗೆದ ಹೊತ್ತಿಗೆ ಹೋಲಿಸಿ ಜಾಗ ತುಂಬುತ್ತೆ. ಆನ್‌ಸೈಟ್‌ನಿಂದ ಬಂದ ಕ್ಯಾಮೆರಾ ಇನ್ನೂ ನ್ಯೂಯಾರ್ಕ್ ಟೈಮ್‌ನಲ್ಲೇ ಇದ್ರೆ, ಸಂಜೆ ಆರು ಅದಕ್ಕೆ ಬೆಳಿಗ್ಗೆ ಏಳೂವರೆ. ಆಗ ನೀವು ಮನೇಲೇ ಇದ್ರಲ್ಲ!

ಹೊತ್ತು ತಪ್ಪಿದ್ರೆ ಜಾಗ ತಪ್ಪುತ್ತೆ ಅನ್ನೋದು ಈ ಊರಿಗೆ ಹಳೇ ಪಾಠ. ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ. ಮುಂಬೈ ರೇಖಾಂಶ ಸುಮಾರು 72.8 ಡಿಗ್ರಿ. ಗುಣಿಸಿ: ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ. ಅದೇ ಬಾಂಬೆ ಟೈಮ್, ಅಂದ್ರೆ ಊರಿನ ರೇಖಾಂಶವನ್ನೇ ಗಡಿಯಾರದಲ್ಲಿ ಬರೆದಂತೆ.

1906ರ ಜನವರಿ 1ರಂದು 82.5 ಡಿಗ್ರಿ ಲೆಕ್ಕದ ಐಎಸ್‌ಟಿ ಬಂತು. ಗಡಿಯಾರ 39 ನಿಮಿಷ ಮುಂದಕ್ಕೆ. ಆಫೀಸರ್‌ಗಳಿಗೆ ಅದು ಬರೀ ಲೆಕ್ಕ, ಮಿಲ್ ಕೆಲಸಗಾರರಿಗೆ ಕತ್ತಲಲ್ಲೇ ಎದ್ದು ಓಡೋದು. ಅದೇ ತಿಂಗಳು ಮಿಲ್‌ನವರು ಪ್ರತಿಭಟಿಸಿದ್ರು. ನಗರಪಾಲಿಕೆಯೂ ತನ್ನ ಗಡಿಯಾರಗಳಲ್ಲಿ ಹಳೇ ಹೊತ್ತನ್ನೇ ಉಳಿಸಿಕೊಂಡಿತು. ರೈಲಿಗೊಂದು ಟೈಮ್, ಊರಿಗೊಂದು ಟೈಮ್. ಬಾಂಬೆ ಟೈಮ್ ಪೂರ್ತಿ ಹೋಗಿದ್ದು 1955ರಲ್ಲಿ.

ನಮ್ಮಜ್ಜಿ ಮಾಟುಂಗಾದಲ್ಲಿ ಹುಟ್ಟಿದ್ದು 1938ರಲ್ಲಿ. ಜಾತಕದ ಹಾಳೆಯಲ್ಲಿ ಗಂಟೆ-ನಿಮಿಷ ಇದೆ, ಯಾವ ಟೈಮ್ ಅಂತ ಇಲ್ಲ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತೆ, ಹಾಗಾಗಿ 39 ನಿಮಿಷ ಸಣ್ಣದೇನಲ್ಲ. (ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.) ನಮ್ಮ ಡಿಜಿಟಲ್ ಫೋಟೋಗಳದ್ದೂ ಇದೇ ಕಥೆ: ಎಕ್ಸಿಫ್‌ನಲ್ಲಿ ತಾರೀಖು, ಹೊತ್ತು ಮೊದಲಿಂದ ಇತ್ತು, ಅದು ಯಾವ ಟೈಮ್ ಝೋನ್ ಅಂತ ಬರೆಯೋ ಜಾಗ ಸೇರಿದ್ದು 2016ರ 2.31 ಆವೃತ್ತಿಯಲ್ಲಿ.

ಸರಿ ಮಾಡೋದು ಹೇಗೆ? ಕ್ಯಾಮೆರಾದಲ್ಲಿ ಫೋನ್‌ನ ಗಡಿಯಾರದ್ದೇ ಒಂದು ಫೋಟೋ ತೆಗೀರಿ, ಸೆಕೆಂಡ್ ಕಾಣೋ ಹಾಗೆ. ಎರಡು ಹೊತ್ತಿನ ವ್ಯತ್ಯಾಸವನ್ನ ಜಿಯೋಸಿಂಕ್ ಆಯ್ಕೆಗೆ ಕೊಡಿ, ಇಡೀ ಫೋಲ್ಡರ್ ಸರಿಯಾಗುತ್ತೆ. ಎಕ್ಸಿಫ್‌ಟೂಲ್ ಮೂಲ ಫೈಲನ್ನ ಪಕ್ಕದಲ್ಲೇ ಇಟ್ಟಿರುತ್ತೆ. ಜಾಗ ಉಳಿಸೋಕೆ ಅಂತ ಅದನ್ನ ಅಳಿಸಬೇಡಿ. ಅಜ್ಜಿಯ ಹಾಳೆಯ ಸ್ಕ್ಯಾನ್‌ಗೆ ನಾನು ಹೊತ್ತು ತಿದ್ದಿಲ್ಲ. ವಿವರಣೆಯಲ್ಲಿ ಇಷ್ಟೇ ಬರೆದೆ: ‘ಬಾಂಬೆ ಟೈಮ್ ಇರಬಹುದು, ಖಚಿತ ಇಲ್ಲ.’